ತವರಿನ ಖರ್ಚು

ನಮ್ಮ ಕಡೆ ಚೊಚ್ಚಲ ಬಾಣಂತನ ತವರುಮನೆಯದು. ಕೂಸನ್ನು ತೊಟ್ಟಿಲಿಗೆ ಹಾಕಿ, ತಾಯಿಯನ್ನು ಗಂಡನ ಮನೆಗೆ ಕಳಿಸುವವರೆಗೆ ಬೀಗರು ಗಂಟು ಬಿಚ್ಚುವುದಿಲ್ಲ. ನನ್ನ ಮಗಳು ಚಂದ್ರಕಲಾ ಆ ರೂಢಿಯಂತೆ ಬಬಲೇಶ್ವರದಿಂದ ಬಿಜ್ಜರಗಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಎದ್ದಿತು. ವಿಜಯಪುರದ ಅಥಣಿ ರಸ್ತೆಯ ಖಾಸಗಿ ದವಾಖಾನೆಯೊಂದರಲ್ಲಿ ಹೊಟ್ಟೆ ಕೊಯ್ದು ಗಂಡು ಕೂಸನ್ನು ತೆಗೆದರು. ಅದಕ್ಕಾಗಿ ಅವಳ ತಮ್ಮ ಶಿವಲಿಂಗ ಹಟ್ಟಿಯ ಆಡು ಕುರಿಗಳನ್ನೆಲ್ಲ ಮಾರಿದ್ದ.

ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಉಸಿರಿಗೊಮ್ಮೆ ಅದರ ಪಕ್ಕೆ ಒಳಗೆ ಸೇದಿಕೊಳ್ಳುತ್ತಿತ್ತು.

"ಪುಪ್ಪುಸ ಬಲಿತಿಲ್ಲ. ಈ ಔಷಧಿ ಹೊರಗಿನಿಂದ ತರಬೇಕು, ಬಹಳ ತುಟ್ಟಿಯದು. ತಡವಾದರೆ ಕೂಸು ಉಳಿಯುವುದಿಲ್ಲ," ಎಂದು ಡಾಕ್ಟರರು ಚೀಟಿ ಕೊಟ್ಟರು.

ಶಿವಲಿಂಗ ಅದನ್ನು ದವಾಖಾನೆಯ ಮೆಟ್ಟಿಲ ಮೇಲೆ ಅಳಿಯ ಗುರಣ್ಣನ ಮುಂದೆ ಹಿಡಿದ.

"ತಾಯಿ ಖರ್ಚು ನಾವು ಹಾಕೇವ್ರಿ ಮಾಮಾ. ಕೂಸು ನಿಮ್ಮ ವಂಶ. ಇದನ್ನ ನೀವು ತರ್ರಿ."

"ತೊಟ್ಲ ಆಗೂತನಕ ಕೂಸೂ ತವರಮನಿದು. ರೂಢಿ ಗೊತ್ತಿಲ್ಲೇನಲೇ?"

"ಇನ್ನ ಮಾರಾಕ ಏನೂ ಉಳದಿಲ್ರಿ."

"ಮೀಸಿ ಐತೆಲ್ಲಲೇ, ಒತ್ತಿ ಇಡು!"

ಶಿವಲಿಂಗನ ಮುಷ್ಟಿ ಗುರಣ್ಣನ ಬಾಯಿಗೆ ಬಿತ್ತು. ಹಲ್ಲು ಮುರಿದು ರಕ್ತ ಗದ್ದಕ್ಕಿಳಿಯಿತು. ಗುರಣ್ಣ ಅವನ ಕೂದಲು ಹಿಡಿದು ಹಣೆಯನ್ನು ಗೋಡೆಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಬಿಡಿಸಲು ಹೋದ ನನ್ನ ಎದೆಗೆ ಯಾರದೋ ಮೊಣಕೈ ತಾಗಿ ನಾನು ಕೆಳಗುರುಳಿದೆ. "ಶಿವನೇ, ಬಿಡಿಸಪ್ಪಾ," ಎಂದು ಕೂಗಿದೆ. ಕಾವಲುಗಾರ ಮಶಾಕಸಾಬ ಓಡಿ ಬಂದ. ಶಿವಲಿಂಗ ಅವನ ಲಾಠಿಯನ್ನೇ ಕಸಿದು ಗುರಣ್ಣನ ಕೈಗೆ ಬೀಸಿದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು.

ಅಷ್ಟರಲ್ಲಿ ಗುರಣ್ಣನ ತಾಯಿ ಹುಚ್ಚವ್ವ, ಕೆಳಗೆ ಬಿದ್ದಿದ್ದ ಚೀಟಿಯನ್ನೆತ್ತಿಕೊಂಡು ಎದುರಿನ ಔಷಧಿ ಅಂಗಡಿಗೆ ಹೋಗಿದ್ದಳು. ಕಿವಿಯ ಬಂಗಾರ ಬಿಚ್ಚಿಟ್ಟು ಸೀಸೆ ತಂದಳು. ರೂಢಿಯನ್ನು ಮೀರಿದವಳು ಅವಳೊಬ್ಬಳೇ.

"ಔಷಧಿ ತಂದೇನ್ರೋ! ದಾರಿ ಬಿಡ್ರೋ, ಹಾಟ್ಯಾಗೋಳಾ!"

ಅವರಿಗೆ ಕಿವಿ ಇರಲಿಲ್ಲ. ಗುರಣ್ಣ ಗಟ್ಟಿ ಉಳಿದ ಕೈಯಿಂದ ನೂಕಿದ. ಶಿವಲಿಂಗ ಹಿಂದುಹಿಂದಾಗಿ ಹೋಗಿ ಮುದುಕಿಯ ಮೇಲೆಯೇ ಬಿದ್ದ. ಸೀಸೆ ಫರಸಿಗಲ್ಲಿಗೆ ಬಡಿದು ಒಡೆಯಿತು. ಹಾಲಿನಂಥ ಔಷಧಿ ಅವರ ರಕ್ತದಲ್ಲಿ ಕೂಡಿ ಮೆಟ್ಟಿಲಿಳಿಯಿತು. ಅಂಗಡಿಯಲ್ಲಿದ್ದುದು ಅದೊಂದೇ.

ಹೊತ್ತು ಇಳಿಯುವ ಮೊದಲೇ ಕೂಸು ಲಿಂಗೈಕ್ಯವಾಯಿತು.

"ನನ್ನ ಮಗನ್ನ ನಮ್ಮ ಹೊಲದಾಗ ಮಣ್ಣ ಮಾಡ್ತೀನಿ," ಎಂದ ಗುರಣ್ಣ.

"ತೊಟ್ಲ ಆಗಿಲ್ಲ. ತವರಿನ ಮಣ್ಣಾಗ ಇಡೂದು," ಎಂದು ಶಿವಲಿಂಗ ಮತ್ತೆ ಮುಷ್ಟಿ ಬಿಗಿದ.

ಚಂದ್ರಕಲಾ ಮಂಚದಿಂದ ಇಳಿದಳು. ಹೊಲಿಗೆ ಬಿಚ್ಚಿ ಸೀರೆ ಕೆಂಪಾಗುತ್ತಿತ್ತು. ನರ್ಸಿನ ಕೈಯಿಂದ ಕೂಸನ್ನು ಕಸಿದುಕೊಂಡಳು.

"ಇಬ್ಬರ ಮಣ್ಣೂ ಬ್ಯಾಡ. ಯಪ್ಪಾ, ನೀ ಮುಂದ ನಡಿ."

ವಿಜಯಪುರದ ರುದ್ರಭೂಮಿಯಲ್ಲಿ ಕುಣಿ ತೋಡಿಸಿದೆ. ಒಂದು ಹಿಡಿ ಮಣ್ಣು ಹಾಕಲು ಗುರಣ್ಣ ಬಗ್ಗಿದಾಗ ಅವಳು ಗುದ್ದಲಿ ಎತ್ತಿದಳು. ಶಿವಲಿಂಗ ಮುಂದೆ ಬಂದಾಗಲೂ ಇಳಿಸಲಿಲ್ಲ.

ಮಣ್ಣನ್ನು ಹುಚ್ಚವ್ವನೂ ನಾನೂ ಹಾಕಿದೆವು.