ಬೆನ್ನಿನೊಳಗಿನ ಪಟ್ಟಿ

ಕಾಲೇಜಿನ ಜವಾನ ಬೆನ್ನು ಕಿತ್ತುಹೋದ ನಿಘಂಟನ್ನು ಬೈಂಡರನ ಮೇಜಿನ ಮೇಲಿಟ್ಟ. "ಎಲ್ಲಾ ಹಾಳೆ ಎಣಿಸಿ ತಂದಿದ್ದೀನಿ. ಬೇಜಾರು ಮಾಡ್ಕೋಬೇಡಿ, ಸಾಹೇಬರು ಹೇಳಿದ್ದು."

"ಒಯ್ಯುವಾಗಲೂ ಎಣಿಸ್ಕೊಳ್ಳಿ," ಎಂದ ಬೈಂಡರ್. "ಓದೋರಿಗಿಂತ ಎಣಿಸೋರೇ ಜಾಸ್ತಿ ಆಗಿದ್ದಾರೆ."

ಎರಡು ವರ್ಷದಿಂದ ಅವನ ಬಳಿ ಬರುತ್ತಿದ್ದ ಅಷ್ಟಿಷ್ಟು ಕೆಲಸವೂ ಹೀಗೆ ಎಣಿಸಿಕೊಂಡೇ ಬರುತ್ತಿತ್ತು. ಹೊಸದಾಗಿ ಹೊಲಿಯಲೆಂದು ದಾಖಲೆ ಕೋಣೆಯವರು ಕಳಿಸಿದ್ದ ಹಳೆಯ ವಹಿ ಅವನ ಮನೆಯಿಂದ ಮರಳಿದಾಗ ಅದರಲ್ಲೊಂದು ಗಡಿ ನಕ್ಷೆ ಇರಲಿಲ್ಲ. ಗಡಿಯ ತಕರಾರಿನಲ್ಲಿದ್ದ ಯಾರಿಗೋ ಅದನ್ನು ಮಾರಿಕೊಂಡಿದ್ದಾನೆಂದು ಆ ಕೋಣೆಯ ಮೇಲ್ವಿಚಾರಕರು ದೂರು ಕೊಟ್ಟರು. ಹನ್ನೊಂದು ದಿನ ಲಾಕಪ್ಪು, ಆಮೇಲೆ ಒಂದೂವರೆ ವರ್ಷ ಕೋರ್ಟಿನ ಬೆಂಚು. ಕೊನೆಗೆ ಸಂಶಯದ ಲಾಭ ಕೊಟ್ಟು ಬಿಟ್ಟರು. ಲಾಭ ಅವನಿಗೆ ಬಂತು, ಸಂಶಯ ಬೀದಿಯಲ್ಲೇ ಉಳಿಯಿತು. ಹೆಂಡತಿ ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಅದು ನಂಬಿಕೆ ಎಂದು ಅವನು ತಿಳಿದಿದ್ದ. ಆ ತಿಳಿವಳಿಕೆಯ ಮೇಲೆಯೇ ದಿನ ನೂಕಿದ್ದ.

ಜವಾನ ಹೋದ ಮೇಲೆ ನಿಘಂಟಿನ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. ಇದನ್ನು ಹಿಂದೊಮ್ಮೆ ಕಟ್ಟಿದ್ದವನೂ ಅವನೇ. ಬೆನ್ನಿಗೆ ಬಿಗುವು ಬರಲೆಂದು ಒಳಗೆ ರದ್ದಿ ಕಾಗದದ ಪಟ್ಟಿ ಅಂಟಿಸುವುದು ರೂಢಿ. ಆದರೆ ಇಲ್ಲಿ ಬೆರಳಿಗೆ ತಾಗಿದ್ದು ರದ್ದಿಯಲ್ಲ, ಹಿಂದೆ ಬಟ್ಟೆ ಅಂಟಿಸಿದ, ನಕ್ಷೆಗೆ ಬಳಸುವ ದಪ್ಪ ಕಾಗದ. ಹರುಕಿನೊಳಗೆ ಇಣುಕಿದ. ಮಾಸಿದ ಕೆಂಪು ಗೆರೆ, ಪಕ್ಕದಲ್ಲಿ ಸಣ್ಣ ಅಂಕಿಗಳು.

ಕೈಯಲ್ಲಿದ್ದ ಚಾಕು ಕೆಳಗಿಟ್ಟ.

ಎಲ್ಲವೂ ಕಣ್ಣಿಗೆ ಕಟ್ಟಿತು. ನಕ್ಷೆಯ ಅಂಚು ಹರಿದಿತ್ತು. ತೇಪೆ ಹಾಕಿ, ಒಣಗಲೆಂದು ರದ್ದಿಯ ನಡುವೆ ಇಟ್ಟು ಕಲ್ಲು ಹೇರಿದ್ದ. ಮರುದಿನ ವಹಿ ಬೇಕೇ ಬೇಕೆಂದು ಆಳು ಬಂದಿದ್ದ. ಅವಸರದಲ್ಲಿ ನಕ್ಷೆ ಮರೆತು ವಹಿ ಹೊಲಿದು ಕಳಿಸಿದ. ಆಮೇಲೆ ಅದೇ ರದ್ದಿಯ ಕಟ್ಟು ಎಳೆದುಕೊಂಡು, ಮೇಲಿನ ಹಾಳೆಯನ್ನಷ್ಟೇ ನೋಡಿ, ಹತ್ತು ಹತ್ತು ಹಾಳೆ ಒಟ್ಟಿಗೆ ಪಟ್ಟಿ ಕತ್ತರಿಸಿದ್ದ. ಮೂವತ್ತು ವರ್ಷ ಹಾಗೆಯೇ ಕತ್ತರಿಸಿದ್ದ. ಕೆಲಸದಲ್ಲಿ ತಪ್ಪಿಲ್ಲದವನೆಂದು ಕೋರ್ಟಿನಲ್ಲಿ ಎದೆ ತಟ್ಟಿ ಹೇಳಿಕೊಂಡೂ ಇದ್ದ.

"ಏ, ಬಾ ಇಲ್ಲಿ," ಎಂದು ಹೆಂಡತಿಯನ್ನು ಕರೆದು ತೋರಿಸಿದ.

ಅವಳು ಬಾಗಿ ನೋಡಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನೀವು ತೆಗೆದಿರ್ಲಿಲ್ಲ," ಎಂದಳು.

ಅವನು ಗೋಡೆಗೆ ಒರಗಿದ. ಅವಳು ಎರಡು ವರ್ಷ ಏನೂ ಕೇಳದಿದ್ದುದು ನಂಬಿಕೆಯಾಗಿರಲಿಲ್ಲ.

ಅವಳು ಸೆರಗಿನ ಅಂಚು ತಿರುಚುತ್ತ ಹೇಳಿದಳು: "ಆ ಪಟ್ಟಿ ಕಿತ್ತು ಒಲೆಗೆ ಹಾಕಿಬಿಡಿ, ರೀ. ಕೋರ್ಟೇ ಬಿಟ್ಟಿದೆ. ಇದನ್ನ ತೋರಿಸಿದ್ರೆ ಕೈಕೆಲಸಕ್ಕೂ ಮಸಿ. ಇನ್ಯಾರು ಪುಸ್ತಕ ಕೊಡ್ತಾರೆ?"

"ಕೊಡದಿದ್ರೆ ಬೇಡ."

"ಸರಿ, ಬಿಚ್ಚಿ ತಗೊಂಡಾದ್ರೂ ಹೋಗಿ."

"ನಾನು ಬಿಚ್ಚಿದ್ರೆ, ಮನೇಲಿ ಬಚ್ಚಿಟ್ಟಿದ್ದ ಅಂತಾರೆ. ನಾನು ಮುಟ್ಟಲ್ಲ. ನೀನು ಹಿಡ್ಕೊ."

ಅವಳು ಆ ಭಾರದ ನಿಘಂಟನ್ನು ಮಗುವಿನಂತೆ ಎದೆಗವಚಿಕೊಂಡು ದಾಖಲೆ ಕೋಣೆಯವರೆಗೆ ನಡೆದಳು. ಅವನು ಎರಡು ಹೆಜ್ಜೆ ಹಿಂದೆ.

ಮೇಲ್ವಿಚಾರಕರು ಕನ್ನಡಕ ಏರಿಸಿದರು. "ಮತ್ತೆ ಏನಪ್ಪ?"

"ಇದರ ಬೆನ್ನು ನೀವೇ ಬಿಚ್ಚಬೇಕು, ಸಾರ್. ಗುಮಾಸ್ತರು ನೋಡ್ತಿರಲಿ."

ಅವರು ಪೆನ್ಸಿಲ್ ಕೆತ್ತುವ ಚಾಕು ತೆಗೆದು ನೇರವಾಗಿ ಬಟ್ಟೆಗೆ ಚುಚ್ಚಹೋದರು. ಬೈಂಡರನ ಕೈ ತಾನಾಗಿ ಮುಂದೆ ಬಂತು. ಅವನು ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಚುಚ್ಚಬೇಡಿ, ಸಾರ್, ನಕ್ಷೆ ಹರಿಯುತ್ತೆ. ಒದ್ದೆ ಬಟ್ಟೆ ಇಟ್ಟು ಅಂಟು ನೆನೆಯೋಕೆ ಬಿಡಿ. ಹಾಂ. ಈಗ ಮೂಲೆಯಿಂದ ಎಬ್ಬಿಸಿ."

ಮೂರು ಪಟ್ಟಿ ಬಂದವು. ಗುಮಾಸ್ತ ಅವನ್ನು ಮೇಜಿನ ಮೇಲೆ ಜೋಡಿಸಿದ. ಒಂದು ಕೆರೆಯ ಅರ್ಧ, ಒಂದು ದಾರಿ, ದಾಖಲೆ ಕೋಣೆಯ ಮೊಹರಿನ ತುಂಡು.

"ಉಳಿದವು ಆ ವಾರ ಕಟ್ಟಿದ ಬೇರೆ ಪುಸ್ತಕದಲ್ಲಿರಬೇಕು," ಎಂದ ಬೈಂಡರ್. "ಕತ್ತರಿಸಿದ್ದು ನಾನೇ. ನೋಡದೆ ಕತ್ತರಿಸಿದೆ."

ಮೇಲ್ವಿಚಾರಕರು ಪಟ್ಟಿಗಳನ್ನು ನೋಡುತ್ತಲೇ ಕುಳಿತರು. "ಕದ್ದಿಲ್ಲ ಅಂತ ಬರೆದುಕೊಡ್ತೀನಿ," ಎಂದರು ಕೊನೆಗೆ, ಮುಖ ಎತ್ತದೆ. "ಆದ್ರೆ ದಾಖಲೆ ಹಾಳಾದದ್ದು ನಿನ್ನ ಕೈಯಿಂದ ಅಂತಲೂ ಬರೀಬೇಕಾಗುತ್ತೆ. ಈ ಕಚೇರಿ ಕೆಲಸ ಇನ್ನು ನಿನಗಿಲ್ಲ."

"ಎರಡನ್ನೂ ಬರೀರಿ. ಒಂದೇ ಹಾಳೇಲಿ ಬರೀರಿ."

ಅವರು ಬರೆದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಸಹಿ ಹಾಕುವಾಗ ಮಾತ್ರ ಪೆನ್ನು ಎರಡು ಸಲ ನಿಂತಿತು.

ನಿಘಂಟು ಸಾಕ್ಷಿಗೆಂದು ಅಲ್ಲೇ ಉಳಿಯಿತು. ಮರಳುವಾಗ ಹೆಂಡತಿ ಬರಿಗೈಯಲ್ಲಿ ಅವನ ಪಕ್ಕದಲ್ಲೇ ನಡೆಯುತ್ತಿದ್ದಳು. ಮನೆಯ ಮೂಲೆ ಕಾಣಿಸಿದಾಗ ನಿಂತಳು.

"ರೀ, ಆ ಹನ್ನೊಂದು ದಿನ ಒಳಗೆ ಊಟಕ್ಕೆ ಏನು ಕೊಡ್ತಿದ್ರು?"

ಅವನೂ ನಿಂತ. ಕೇಳಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ಹೇಳಲು ತಾನೂ ಅವಸರ ಮಾಡಬೇಕಿರಲಿಲ್ಲ.

"ಮೊದಲ ದಿನ ಏನೂ ಕೊಡಲಿಲ್ಲ," ಎಂದು ಶುರುಮಾಡಿದ.