ಎರಡು ಸುತ್ತು ಹೆಚ್ಚಿಗೆ

ಕೈಗೆ ಸಿಕ್ಕ ನಟ್ಟನ್ನು ಇನ್ನೆರಡು ಸುತ್ತು ಬಿಗಿಯದಿದ್ದರೆ ಆ ಮೆಕ್ಯಾನಿಕ್‌ಗೆ ತಿಂದದ್ದು ಅರಗುತ್ತಿರಲಿಲ್ಲ. ಅದಕ್ಕೇ ಪೇಟೆಯವರೆಲ್ಲ ಅವನನ್ನು ಬಿಗಿಯಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಮಾನ ಕಾಪಾಡಿದ ಆ ಚಟ ಕೈಕೊಟ್ಟಿದ್ದು ಇವತ್ತು.

ಬೆಟ್ಟದ ಮೇಲಿನ ಆಸ್ಪತ್ರೆಯ ಹೆರಿಗೆ ನರ್ಸು ಬೆಳಿಗ್ಗೆ ಹತ್ತಕ್ಕೆ ಕಾರನ್ನು ತೆವಳಿಸಿಕೊಂಡು ಶೆಡ್ಡಿಗೆ ಬಂದಳು. ವಾರದ ರಜೆ ಮುಗಿಸಿ ಬೆಟ್ಟ ಏರುವಾಗ ನಾಲ್ಕನೇ ತಿರುವಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತ್ತು. ಆಮೇಲೆ ಎಷ್ಟು ತುಳಿದರೂ ಏರು ಹತ್ತಲಿಲ್ಲ.

"ಮೇಲೆ ಅವಳಿ ಹೆರಿಗೆ ಇದೆ ಅಣ್ಣ, ನೋವು ಶುರುವಾಗಿದೆಯಂತೆ. ಅಲ್ಲಿಗೆ ನಾನೊಬ್ಬಳೇ ನರ್ಸು. ಬಸ್ಸಿರೋದು ಸಂಜೆಗೆ. ಏನಾದ್ರೂ ಮಾಡಿ."

"ಟರ್ಬೋ ಹೋಗಿದೆ ಸಿಸ್ಟರ್. ಹೊಸದು ಬರೋಕೆ ನಾಲ್ಕು ದಿನ," ಎಂದುಬಿಟ್ಟ. ಅನ್ನುವಾಗಲೇ ಎದೆಯಲ್ಲಿ ಚುರುಕ್ ಎಂದಿತು. ಹೋದ ವಾರ ಇದೇ ಕಾರಿನ ಎಣ್ಣೆ ಬದಲಿಸುವಾಗ, ಟರ್ಬೋ ಪಕ್ಕದ ಡಬ್ಬಿಯಿಂದ ಹೊರಟ ಕಡ್ಡಿಯ ನಟ್ಟಿಗೆ ತನ್ನ ಕೈ ಹೋಗಿತ್ತಲ್ಲ!

ಧೂಳು ಹಿಡಿದ ರಿಪೇರಿ ಪುಸ್ತಕವನ್ನು ಅಟ್ಟದಿಂದ ಕೆಳಗಿಳಿಸಿದ. ಟರ್ಬೋದೊಳಗೆ ಎಂಜಿನ್ನಿನ ಹೊಗೆಯ ರಭಸಕ್ಕೆ ಒಂದು ಚಕ್ರ ಸೆಕೆಂಡಿಗೆ ಎರಡು ಸಾವಿರ ಸಲ ತಿರುಗುತ್ತದೆ, ಅದರ ಜೋಡಿ ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಇಷ್ಟು ಅವನಿಗೂ ಗೊತ್ತಿತ್ತು. ಆದರೆ ಗಾಳಿ ಅತಿಯಾದರೆ ಎಂಜಿನ್ನೇ ಒಡೆಯಬೇಕಲ್ಲ, ತಡೆಯುವವರು ಯಾರು? ಓದಿದ. ಆ ಗಾಳಿಯೇ ಸಣ್ಣ ಪೈಪಿನಲ್ಲಿ ಡಬ್ಬಿಗೆ ಬಂದು, ಒಳಗಿನ ಸ್ಪ್ರಿಂಗನ್ನು ಒತ್ತಿ, ಕಡ್ಡಿಯನ್ನು ದೂಡಿ, ಹೊಗೆಗೊಂದು ಪುಟ್ಟ ಬಾಗಿಲು ತೆಗೆಯುತ್ತದೆ. ಹೆಚ್ಚಾದ ಹೊಗೆ ಚಕ್ರದ ತಂಟೆಗೆ ಹೋಗದೆ ಆಚೆ ಹೊರಡುತ್ತದೆ. ತನ್ನ ಸೊಕ್ಕಿಗೆ ತಾನೇ ಲಗಾಮು! ಬಿಗಿಯಣ್ಣ ಬಾಯಿ ಬಿಟ್ಟುಕೊಂಡು ಕೂತ.

ಎಷ್ಟು ಒತ್ತಡಕ್ಕೆ ಬಾಗಿಲು ತೆರೆಯಬೇಕೆಂದೂ ಬರೆದಿತ್ತು. ಅಳೆಯುವುದು ಹೇಗೆ? ಶೆಡ್ಡಿನ ಪಂಪಿನ ಮುಳ್ಳು ಮುರಿದು ಯಾವ ಕಾಲವಾಗಿತ್ತೋ. ನರ್ಸು ತನ್ನ ಚೀಲದಿಂದ ಬಿಪಿ ನೋಡುವ ಮುಳ್ಳಿನ ರಬ್ಬರ್ ಪಂಪು ತೆಗೆದು, "ಇದು ಆಗುತ್ತಾ?" ಎಂದಳು.

ಡಬ್ಬಿಯ ಪೈಪಿಗೆ ಸಿಕ್ಕಿಸಿ ಅವಳೇ ಒತ್ತಿದಳು. ಇನ್ನೂರು. ಇನ್ನೂರೈವತ್ತು. ಪುಸ್ತಕದ ಪ್ರಕಾರ ಕಡ್ಡಿ ಮಿಸುಕಬೇಕಾದ ಜಾಗ ಅದು. ಮುನ್ನೂರಕ್ಕೆ ಮುಳ್ಳಿನ ದಾರಿಯೇ ಮುಗಿಯಿತು, ಕಡ್ಡಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಡಬ್ಬಿನೂ ಕೆಟ್ಟಿದೆಯಾ?"

ಹೌದು ಅಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಿಗಿಯಣ್ಣ ಕಡ್ಡಿಯ ನಟ್ಟನ್ನು ಮುಟ್ಟಿ ತೋರಿಸಿದ. "ಕೆಟ್ಟಿರೋದು ನನ್ನ ಕೈ ಸಿಸ್ಟರ್. ಹೋದ ವಾರ ಎರಡು ಸುತ್ತು ಬಿಗಿದೆ. ಬಾಗಿಲು ತೆರೀಲಿಲ್ಲ, ಗಾಳಿ ಜಾಸ್ತಿಯಾಯ್ತು, ಕಾರಿನ ಕಂಪ್ಯೂಟರ್ ಹೆದರಿ ಎಂಜಿನ್ನಿನ ಕತ್ತು ಹಿಡೀತು."

ಅವಳು ದುರುಗುಟ್ಟಿ ನೋಡಿದಳು. "ಬೈಯೋದು ಆಮೇಲೆ. ಮೊದಲು ಸಡಿಲ ಮಾಡಿ."

ಮಾಡಿದ. ಅವಳು ಮತ್ತೆ ಒತ್ತಿದಳು. ಇನ್ನೂರೈವತ್ತಕ್ಕೆ ಕಡ್ಡಿ ಉಗುರಿನಗಲ ಸರಿಯಿತು. ಗಾಳಿ ಬಿಟ್ಟಾಗ ಸದ್ದಿಲ್ಲದೆ ಹಿಂದಕ್ಕೆ ಹೋಯಿತು.

"ಇನ್ನೊಂದ್ಸಲ ಒತ್ತಿ," ಎಂದ. ಮತ್ತೆ ಇನ್ನೊಂದು ಸಲ ಎಂದ. ನರ್ಸೂ ಒಂದು ಗಳಿಗೆ ತನ್ನ ಅವಸರ ಮರೆತು ನೋಡಿದಳು.

"ಮಗು ತಲೆ ಕಾಣೋವರೆಗೂ ನಾವು ಮುಕ್ಕಮ್ಮ ಮುಕ್ಕಮ್ಮ ಅಂತೀವಿ," ಎಂದಳು ಮೆಲ್ಲಗೆ. "ತಲೆ ಬರೋ ಹೊತ್ತಿಗೆ, ಈಗ ಮುಕ್ಕಬೇಡ, ಉಸಿರು ಬಿಡು ಅಂತೀವಿ. ಇಲ್ಲಾಂದ್ರೆ ತಾಯಿಗೆ ಪೆಟ್ಟು."

ಬಿಗಿಯಣ್ಣ ಶೆಡ್ಡಿಗೆ ಬಾಗಿಲೆಳೆದು ಕಾರಿನಲ್ಲಿ ಅವಳ ಪಕ್ಕದಲ್ಲಿ ಕೂತ. ನಾಲ್ಕನೇ ತಿರುವಿನಲ್ಲಿ ಹೆದರಿಕೆಗೆ ಅವಳ ಕಾಲು ತಾನಾಗಿ ಹಿಂದೆ ಸರಿಯಿತು.

"ತುಳೀರಿ ಸಿಸ್ಟರ್. ಎಲ್ಲಿ ಬಿಡಬೇಕು ಅಂತ ಅದಕ್ಕೆ ಗೊತ್ತು. ಗೊತ್ತಿಲ್ದೇ ಇದ್ದಿದ್ದು ನನಗೆ."

ತುಳಿದಳು. ದೀಪ ಹತ್ತಲಿಲ್ಲ, ಕಾರು ಏರನ್ನು ಒಂದೇ ಉಸಿರಿಗೆ ಹತ್ತಿತು. ಮುಂದೆಲ್ಲೋ ಕೆಂಡದಂಥ ಬಿಸಿಯಲ್ಲಿ, ಯಾರೂ ನೋಡದ ಕಡೆ, ಆ ಪುಟ್ಟ ಬಾಗಿಲು ತೆರೆದುಕೊಳ್ಳುತ್ತಿದೆ ಎಂದು ನೆನೆದು ಅವನ ಮೈ ಜುಮ್ಮೆಂದಿತು.

ಆಸ್ಪತ್ರೆಯ ಗೇಟಿನಲ್ಲಿ ಗಂಡಸೊಬ್ಬ ಕೈಬೀಸುತ್ತ ಓಡಿಬಂದ. "ಇನ್ನೂ ಆಗಿಲ್ಲ ಸಿಸ್ಟರ್, ಬೇಗ ಬನ್ನಿ!" ಅವಳು ಎಂಜಿನ್ನನ್ನೂ ಆರಿಸದೆ ಓಡಿದಳು. ಬಿಗಿಯಣ್ಣ ಇಳಿದು, ನಡುಗುತ್ತಿದ್ದ ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. ಕಣ್ಣು ತುಂಬಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.