ಮಕ್ಕಳೇ ಗುರುತು ಹಾಕಿದ್ದು

ನೋಟಿಸ್ ಬೋರ್ಡಿನ ಹಾಳೆಯನ್ನು ಸೌಟಮ್ಮ ಎರಡು ಸಲ ಓದಿದಳು. ಹದಿನೇಳು ವರ್ಷದಿಂದ ಆ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಬಡಿಸಿದವಳು. ಆ ಹೆಸರಿಟ್ಟಿದ್ದೂ ಮಕ್ಕಳೇ. ಯಾವ ಮಗು ಕ್ಯಾರೆಟ್ಟು ಬದಿಗೆ ತಳ್ಳುತ್ತದೆ, ಯಾವುದು ಇನ್ನಷ್ಟು ಬೇಕೆಂದು ಬಾಯಿಬಿಡಲಾರದೆ ತಟ್ಟೆ ಹಿಡಿದು ಸುಮ್ಮನೆ ನಿಲ್ಲುತ್ತದೆ, ಎಲ್ಲ ಅವಳಿಗೆ ಗೊತ್ತು. ಹಾಳೆಯಲ್ಲಿ ಹೀಗಿತ್ತು: ಇನ್ನು ವಾರಕ್ಕೆ ಮೂರು ದಿನ ಬಿಸಿ ಊಟದ ಬದಲು ಒಂದು ಪ್ಯಾಕೆಟ್ ಚಿಪ್ಸು, ಎರಡು ಬಿಸ್ಕತ್ತು. ಮಕ್ಕಳನ್ನು ಕೇಳಿಯೇ ತೀರ್ಮಾನಿಸಲಾಗಿದೆ.

ಮೈಯೆಲ್ಲ ಉರಿದು, ಏಪ್ರನ್ನೂ ಬಿಚ್ಚದೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದಳು.

"ಕೂಗಾಡಬೇಡಿ. ಇಲ್ನೋಡಿ," ಎಂದು ಆಕೆ ಒಂದು ಕಟ್ಟು ಹಾಳೆ ಮುಂದಿಟ್ಟಳು. ಪ್ರತಿ ಹಾಳೆಯಲ್ಲೂ ಎರಡು ಪಟ: ಒಂದು ಬೋಗುಣಿ ಹುರುಳಿ ಸೂಪು, ಒಂದು ಪ್ಯಾಕೆಟ್ ಚಿಪ್ಸು. ಕೆಳಗೆ ಪ್ರಶ್ನೆ: ಯಾವುದು ತಿಂದರೆ ಹೊಟ್ಟೆ ಹೆಚ್ಚು ತುಂಬುತ್ತದೆ? "ಅರವತ್ತೆರಡು ಮಕ್ಕಳಲ್ಲಿ ನಲವತ್ತೆಂಟು ಜನ ಚಿಪ್ಸಿಗೆ ಗುರುತು ಹಾಕಿದಾರೆ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ ನೀವು! ಪಟದಲ್ಲಿ ಪ್ಯಾಕೆಟ್ಟು ನನ್ನ ಬೋಗುಣಿಯ ಎರಡರಷ್ಟಿದೆಯಲ್ಲ, ಕಾಣಲ್ವಾ?"

ಹಾಳೆ ಮಗುಚುತ್ತಿದ್ದ ಸೌಟಮ್ಮನ ಕೈ ಒಂದು ಕಡೆ ನಿಂತುಬಿಟ್ಟಿತು. ಸೊಟ್ಟ ಅಕ್ಷರ, ಎರಡನೇ ತರಗತಿ. ಅವಳ ಮೊಮ್ಮಗಳು ಚಿನಕುರುಳಿಯದು. ಅವಳೂ ಚಿಪ್ಸಿಗೇ ಹಾಕಿದ್ದಳು.

ಮನೆಗೆ ಹೋದವಳೇ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡಳು. "ನನ್ನ ಕೈತುತ್ತು ತಿಂದು ಬೆಳೆದವಳು ನೀನು. ಯಾಕೇ ಹಾಗೆ ಮಾಡಿದೆ?"

"ಅದು ದಪ್ಪ ಇದೆ ಅಜ್ಜಿ," ಎಂದಳು ಚಿನಕುರುಳಿ, ಇಷ್ಟೂ ಗೊತ್ತಾಗಲ್ವಾ ಎನ್ನುವಂತೆ. "ಸೂಪು ಚಪ್ಪಟೆಯಾಗಿರುತ್ತೆ."

ನಗಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಸೌಟಮ್ಮ ಒಳಗೆ ಹೋದಳು. ಅವಳ ಸಿಟ್ಟು ಹುಡುಗಿಯ ಮೇಲಲ್ಲ. ಆದರೂ ಒಂದು ಮುಳ್ಳು ಚುಚ್ಚಿ ಅಲ್ಲೇ ಉಳಿಯಿತು.

ಮೊದಲ ಪ್ಯಾಕೆಟ್ ದಿನ ಅಡುಗೆಮನೆಯಲ್ಲಿ ಮಾಡಲು ಏನೂ ಇರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಎರಡೂವರೆಗೆ ಕೈ ಒರೆಸಿಕೊಂಡು ಮುಖ್ಯೋಪಾಧ್ಯಾಯಿನಿಯ ಬಾಗಿಲಲ್ಲಿ ನಿಂತಳು.

"ತಿನ್ನೋಕೆ ಮುಂಚೆ ಕೇಳಿದ್ರಿ. ಈಗ ತಿಂದಾಗಿದೆ. ಬನ್ನಿ, ಈಗ ಕೇಳಿ."

ಗೊಣಗುತ್ತಲೇ ಆಕೆ ಎದ್ದು ಬಂದಳು. ಎರಡನೇ ತರಗತಿಯಲ್ಲಿ ಒಂದು ಮಗು ಕಾಲರ್ ಅಗಿಯುತ್ತಿತ್ತು. ಇಬ್ಬರು ಅಳಿಸುವ ರಬ್ಬರಿಗಾಗಿ ಕಿತ್ತಾಡುತ್ತಿದ್ದರು. ಕಿಟಕಿ ಪಕ್ಕದವನು ಡೆಸ್ಕಿಗೆ ಕೆನ್ನೆ ಒತ್ತಿ ಮಲಗಿಬಿಟ್ಟಿದ್ದ.

"ಮಕ್ಕಳೇ, ಹೊಟ್ಟೆ ತುಂಬಿದೆಯಾ?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದಳು.

ಹಲ್ಲು ಬಿದ್ದ ಒಬ್ಬ ಹೇಳಿದ: "ತುಂಬಿತ್ತು ಮೇಡಂ. ಆಟದ ಬಯಲಿನ ಗೇಟಿಗೆ ಹೋಗೋ ತನಕ ತುಂಬಿತ್ತು."

"ನನ್ನ ಪ್ಯಾಕೆಟ್ಟು ಹರಿದ ತಕ್ಷಣ ಬುಸ್ ಅಂತು," ಎಂದಳು ಇನ್ನೊಬ್ಬಳು. "ಅರ್ಧ ಹಾರಿಹೋಯ್ತು."

ಚಿನಕುರುಳಿ ಬೆಂಚಿನ ಮೇಲೆ ಎದ್ದು ನಿಂತಳು. ಮುಖ ಕೆಂಪಾಗಿತ್ತು. "ಪಟದಲ್ಲಿ ಅಷ್ಟು ದೊಡ್ಡದು ಬರ್ದಿದ್ರಿ! ಮೋಸ!"

ಮುಖ್ಯೋಪಾಧ್ಯಾಯಿನಿ ಹೊರಗೆ ಬಂದು ಮೆಲ್ಲಗೆ ಹೇಳಿದಳು: "ಪಾಪ, ಮಕ್ಕಳು ತಪ್ಪು ಗುರುತು ಹಾಕಿದಾರೆ."

"ಮಕ್ಕಳ ತಪ್ಪಾ?" ಸೌಟಮ್ಮನ ದನಿ ಪಡಸಾಲೆಯುದ್ದಕ್ಕೂ ಮೊಳಗಿತು. "ಏಳು ವರ್ಷದವರ ತಲೆಗೆ ನಿಮ್ಮ ಹೊಣೆ ಕಟ್ಟಿ, ಈಗ ತಪ್ಪೂ ಅವರದೇ? ಬೂಟು ಬೇಡ ಅಂತ ಗುರುತು ಹಾಕಿದ್ರೆ ಬರಿಗಾಲಲ್ಲಿ ಕಳಿಸ್ತಿದ್ರಾ?"

ಮರುದಿನ ವಾರಕ್ಕೆ ಮೂರು ಪ್ಯಾಕೆಟ್ ದಿನ ಹೋಗಿ ಒಂದೇ ಆಯಿತು. ಶುಕ್ರವಾರದ್ದು ಮಾತ್ರ ಬಿಡಲಾಗದು, ಚಿಪ್ಸಿನ ಪೆಟ್ಟಿಗೆಗಳು ಆಗಲೇ ಬಂದು ಬಿದ್ದಿವೆ ಎಂದಳು ಮುಖ್ಯೋಪಾಧ್ಯಾಯಿನಿ.

ಸೌಟಮ್ಮನಿಗೆ ಅದು ಸಾಲಲಿಲ್ಲ. ಶುಕ್ರವಾರ ಯಾರನ್ನೂ ಕೇಳದೆ ಎಪ್ಪತ್ತು ಮೊಟ್ಟೆ ಬೇಯಿಸಿ, ಊಟದ ಕೋಣೆಯ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಕುಕ್ಕರಿಸಿದಳು. ಮುಖ್ಯೋಪಾಧ್ಯಾಯಿನಿ ಆ ದಾರಿಯಲ್ಲೇ ಬಂದಳು, ಬುಟ್ಟಿ ನೋಡಿದಳು, ಅದನ್ನು ಬಳಸಿಕೊಂಡು ಮುಂದೆ ಹೋದಳು. ಚಿನಕುರುಳಿ ಎರಡು ತೆಗೆದುಕೊಂಡು, ಅಜ್ಜಿಯ ಮುಖ ನೋಡದೆ, ಸಿಪ್ಪೆ ಸುಲಿಯತೊಡಗಿದಳು.